ಎರಡು ಹೋಸಿನ ಹಳೇ ರೆಗ್ಯುಲೇಟರ್: ಗೋಡೆಗೋ, ನೀರಿಗೋ?

ಪ್ರಶ್ನೆ: ಡೈವಿಂಗ್ ಬಿಟ್ಟ ಹಿರಿಯರೊಬ್ಬರಿಂದ ನನಗೆ ಎರಡು ಹೋಸಿನ ಹಳೇ ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿಕೊಡುವ ಸಾಧನ) ಸಿಕ್ಕಿದೆ. ಮೇಲೆ ‘ಡಿಎ ಆಕ್ವಾ-ಮಾಸ್ಟರ್’ ಎಂದು ಬರೆದಿದೆ. ಅದನ್ನು ಸುಮ್ನೆ ಶೋಕೇಸಿನಲ್ಲಿ ಇಡಲು ಮನಸ್ಸಿಲ್ಲ. ನಾನು ಮಾಮೂಲಿಯಾಗಿ ಮಾಡುವ ಡೈವ್‌ಗಳಿಗೇ ಬಳಸಬೇಕೆಂಬ ಆಸೆ. ಹೆಚ್ಚೆಂದರೆ 20 ಮೀಟರ್ ಆಳ. ಆದರೆ ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹೊಂದಿಸುವ ಜಾಕೆಟ್), ಆಕ್ಟೋಪಸ್ (ಜೊತೆಗಾರರಿಗೆ ಕೊಡುವ ಹೆಚ್ಚುವರಿ ಉಸಿರಾಟದ ಬಾಯಿ), ಗೇಜ್ (ಟ್ಯಾಂಕಿನಲ್ಲಿ ಉಳಿದ ಒತ್ತಡ ತೋರಿಸುವ ಮಾಪಕ) ಇಲ್ಲದೆ ನನಗೆ ಅಭ್ಯಾಸವಿಲ್ಲ. ಒಬ್ಬ ಗೆಳೆಯ ‘ರಬ್ಬರ್ ಬದಲಾಯಿಸು, ಸಾಕು’ ಅನ್ನುತ್ತಾನೆ. ಇನ್ನೊಬ್ಬ ‘ಗೋಡೆಗೆ ನೇತು ಹಾಕು’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ರಬ್ಬರ್ ಬದಲಾಯಿಸಿದರೆ ಅದು ಮತ್ತೆ ಉಸಿರು ಕೊಡುತ್ತದೆ, ನಿಜ. ಆದರೆ ಉಸಿರು ಕೊಡುವುದು ಬಿಟ್ಟು ಬೇರೆ ಏನನ್ನೂ ಅದು ಮಾಡುವುದಿಲ್ಲ. ನಿಮ್ಮ ಇವತ್ತಿನ ರೆಗ್ಯುಲೇಟರಿನ ಮೊದಲ ಹಂತ, ಅಂದರೆ ಟ್ಯಾಂಕಿನ ಬಾಯಿಗೆ ಕೂರುವ ಭಾಗ, ನಾಲ್ಕು ಕೆಲಸ ಮಾಡುತ್ತದೆ: ನಿಮ್ಮ ಬಾಯಿಗೆ ಗಾಳಿ, ಜೊತೆಗಾರರಿಗೆ ಆಕ್ಟೋಪಸ್, ಬಿಸಿಡಿಗೆ ಗಾಳಿ, ಗೇಜಿಗೆ ಲೆಕ್ಕ. ಹಳೆಯದರ ಕೊರತೆ ಇರುವುದು ಉಳಿದ ಆ ಮೂರರಲ್ಲಿ. ಅದನ್ನು ತುಂಬಲು ಒಳ್ಳೆಯ ದಾರಿಗಳಿವೆ. ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವುದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕು. ಅದು ತಿಳಿಯದೆ ಸ್ಪ್ಯಾನರ್ ಹಿಡಿದವರು ಕೆಡಿಸಿದ್ದೇ ಜಾಸ್ತಿ.

ಕತ್ತಿನ ಹಿಂದೆ ಕೂರುವ ಆ ದುಂಡನೆಯ ಡಬ್ಬಿಯಲ್ಲೇ ಎರಡೂ ಹಂತಗಳಿವೆ. ಟ್ಯಾಂಕಿನ ಒತ್ತಡ ಮೊದಲು ಸುಮಾರು 8 ಬಾರ್‌ಗೆ ಇಳಿಯುತ್ತದೆ, ಇದೇ ಮಧ್ಯದ ಒತ್ತಡ. ಆಮೇಲೆ ದೊಡ್ಡ ಡಯಾಫ್ರಂ ಒಂದು ಲಿವರನ್ನು ಒತ್ತಿ, ನೀವು ಎಳೆದಷ್ಟು ಗಾಳಿಯನ್ನು ಬಿಡುತ್ತದೆ. ಬಲ ಭುಜದ ಮೇಲಿನ ಹೋಸಿನಲ್ಲಿ ಗಾಳಿ ಬರುತ್ತದೆ, ಎಡ ಭುಜದ ಹೋಸಿನಲ್ಲಿ ಬಿಟ್ಟ ಉಸಿರು ಅದೇ ಡಬ್ಬಿಗೆ ವಾಪಸ್ ಹೋಗುತ್ತದೆ. ಅಲ್ಲಿ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ವಾಲ್ವ್ ಇದೆ, ಅದರ ಹೆಸರೇ ಡಕ್‌ಬಿಲ್. ಉಸಿರು ಅದರ ಮೂಲಕ ನೀರಿಗೆ ಹೋಗುತ್ತದೆ.

ಬಿಟ್ಟ ಉಸಿರನ್ನು ಬಾಯಿಯ ಹತ್ತಿರವೇ ಹೊರಗೆ ಬಿಡಬಹುದಿತ್ತಲ್ಲ, ಅಷ್ಟು ದೂರ ಹಿಂದಕ್ಕೆ ಯಾಕೆ ಒಯ್ಯಬೇಕು? ಈ ಪ್ರಶ್ನೆಗೆ 1943ರ ಚಳಿಗಾಲದಲ್ಲೇ ಉತ್ತರ ಸಿಕ್ಕಿತು. ಫ್ರಾನ್ಸಿನ ಎಂಜಿನಿಯರ್ ಎಮಿಲ್ ಗಾನ್ಯಾಂ ಮಾಡಿದ, ಈ ಥರದ ರೆಗ್ಯುಲೇಟರಿನ ಮೊದಲ ಮಾದರಿಯನ್ನು ಡೈವರ್ ಝಾಕ್ ಕೂಸ್ಟೋ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಎಳೆದರೂ ಬರುತ್ತಿರಲಿಲ್ಲ. ಗಾಳಿ ಬಿಡುವ ಡಯಾಫ್ರಂ ಒಂದು ಎತ್ತರದಲ್ಲಿ, ಉಸಿರು ಹೊರಹೋಗುವ ಬಾಯಿ ಇನ್ನೊಂದು ಎತ್ತರದಲ್ಲಿ ಇದ್ದದ್ದೇ ಕಾರಣ. ಕೆಲವೇ ಸೆಂಟಿಮೀಟರ್ ನೀರಿನ ಒತ್ತಡದ ವ್ಯತ್ಯಾಸ ಅಷ್ಟೂ ಕೆಲಸ ಕೆಡಿಸಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟ ಕೂಡಲೇ ಸರಿಹೋಯಿತು. ಹೀಗಾಗಿ ಯಾರಾದರೂ ನಿಮಗೆ ‘ಮೌತ್‌ಪೀಸ್ ಹತ್ತಿರ ಹೊಸ ಎಕ್ಸಾಸ್ಟ್ ವಾಲ್ವ್ ಹಾಕೋಣ’ ಅಂದರೆ ಕೈಮುಗಿದು ಬನ್ನಿ.

ಇದೇ ಸೆಂಟಿಮೀಟರ್ ಲೆಕ್ಕ ಇನ್ನೊಂದು ಕಡೆ ನಿಮ್ಮನ್ನು ಕಾಡುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ಇವತ್ತಿನ ಸಿಂಗಲ್ ಹೋಸ್ ರೆಗ್ಯುಲೇಟರಿನಲ್ಲಿ ಎರಡನೇ ಹಂತ ನಿಮ್ಮ ತುಟಿಯ ಮುಂದೆ ಇರುತ್ತದೆ. ಇದರಲ್ಲಿ ಅದು ಬೆನ್ನ ಮೇಲಿದೆ. ಮುಖ ಕೆಳಗೆ ಮಾಡಿ ಈಜುವಾಗ ಡಬ್ಬಿ ನಿಮ್ಮ ಶ್ವಾಸಕೋಶಕ್ಕಿಂತ ಮೇಲಿರುತ್ತದೆ. ಅದು ಗಾಳಿ ಕೊಡುವುದು ತಾನಿರುವ ಆಳದ ಒತ್ತಡದಲ್ಲಿ. ಶ್ವಾಸಕೋಶ ಅದಕ್ಕಿಂತ 15 ಸೆಂ.ಮೀ. ಕೆಳಗಿದ್ದರೆ, ಆ 15 ಸೆಂ.ಮೀ. ನೀರಿನ ಭಾರವನ್ನು ನಿಮ್ಮ ಎದೆಯೇ ಎಳೆಯಬೇಕು. ಚೆನ್ನಾಗಿ ಹೊಂದಿಸಿದ ರೆಗ್ಯುಲೇಟರ್ ತೆರೆದುಕೊಳ್ಳಲು ಬೇಕಾಗುವುದು ಸುಮಾರು 2.5 ಸೆಂ.ಮೀ. ಮಾತ್ರ. ಒಳಗಿನ ಸ್ಕ್ರೂ ಎಷ್ಟು ತಿರುವಿದರೂ ನೀವು ಉಳಿಸುವುದು ಒಂದು ಸೆಂ.ಮೀ., ಹೆಚ್ಚೆಂದರೆ ಎರಡು. ಡಬ್ಬಿಯ ಜಾಗ ಸರಿಮಾಡಿದರೆ ಅದರ ಹಲವು ಪಟ್ಟು ಉಳಿಯುತ್ತದೆ.

ಈ ಪಾಠ ನಾನು ಕಲಿತ ರೀತಿ ಹೇಳಿಕೊಳ್ಳಲು ನಾಚಿಕೆ. ನನ್ನ ಮೊದಲ ಡಬಲ್ ಹೋಸ್ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ಎಳೆಯುತ್ತಿತ್ತು. ಮೂರು ವಾರ ಅದರ ಲಿವರ್ ಬಗ್ಗಿಸಿದೆ, ಸ್ಪ್ರಿಂಗ್ ಬದಲಾಯಿಸಿದೆ, ಡಯಾಫ್ರಂ ಎರಡು ಸಲ ತೆಗೆದು ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಎಲ್ಲ ತಪ್ಪನ್ನೂ ಅದರ ಮೇಲೆ ಹೊರಿಸಿದೆ. ಕೊನೆಗೆ ಹಳೇ ಡೈವರ್ ಒಬ್ಬರು ಏನೂ ಮಾತಾಡದೆ ನನ್ನ ಬಿಸಿಡಿಯ ಪಟ್ಟಿ ಸಡಿಲಿಸಿ, ಟ್ಯಾಂಕನ್ನು ನಾಲ್ಕು ಬೆರಳು ಕೆಳಗಿಳಿಸಿ, ಪಟ್ಟಿ ಬಿಗಿದು ಹೋದರು. ಅಷ್ಟೇ. ಆವತ್ತಿನ ಡೈವಿನಲ್ಲಿ ಉಸಿರಾಟದ ನೆನಪೇ ಬರಲಿಲ್ಲ.

ಆದ್ದರಿಂದ ಮೊದಲ ಕೆಲಸ ಇದು: ಟ್ಯಾಂಕನ್ನು ಕೆಳಗಿಳಿಸಿ, ಡಬ್ಬಿ ಎರಡು ಹೆಗಲ ಮೂಳೆಗಳ ನಡುವೆ, ಬೆನ್ನಿಗೆ ಆದಷ್ಟು ಹತ್ತಿರ ಬರಲಿ. ತಲೆ ಎತ್ತಿದಾಗ ಹಿಂದೆ ಏನೂ ತಾಗಬಾರದು. ಹೀಗೆ ಮಾಡಿದರೆ ಟ್ಯಾಂಕಿನ ಭಾರವೂ ಕೆಳಗಿಳಿದು ಕಾಲು ಮುಳುಗುತ್ತದೆ, ಅದಕ್ಕೆ ಸೊಂಟದ ಒಂದೆರಡು ಸೀಸದ ತೂಕವನ್ನು ಟ್ಯಾಂಕಿನ ಮೇಲಿನ ಪಟ್ಟಿಗೆ ಸಾಗಿಸಿ. ಬಿಸಿಡಿ ಯಾವುದು ಅಂತ ನೀವು ಬರೆದಿಲ್ಲ. ಜಾಕೆಟ್ ಥರದ್ದಾದರೆ ನಡೆಯುತ್ತದೆ. ಬ್ಯಾಕ್‌ಪ್ಲೇಟ್ ಮತ್ತು ಸಣ್ಣ ವಿಂಗ್ (ಬೆನ್ನಿಗೊಂದು ಗಟ್ಟಿ ತಟ್ಟೆ, ಅದರ ಹಿಂದೆ ಗಾಳಿಚೀಲ) ಆದರೆ ಇನ್ನೂ ಒಳ್ಳೆಯದು, ಟ್ಯಾಂಕ್ ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ದೊಡ್ಡ ವಿಂಗ್ ಮಾತ್ರ ಬೇಡ, ಉಬ್ಬಿದಾಗ ಅದರ ಮೇಲ್ತುದಿ ಡಬ್ಬಿಯನ್ನು ಸುತ್ತಿಕೊಂಡು ಹೋಸುಗಳನ್ನು ತಳ್ಳುತ್ತದೆ.

ಈಗ ನಿಮ್ಮ ಗೆಳೆಯ ಹೇಳಿದ ರಬ್ಬರಿಗೆ ಬರೋಣ. ಅದೇನೂ ಬಿಡುವ ವಿಷಯವಲ್ಲ. ಡಯಾಫ್ರಂ, ಡಕ್‌ಬಿಲ್, ಎರಡೂ ಹೋಸು, ಮೌತ್‌ಪೀಸಿನ ವಾಲ್ವ್‌ಗಳು, ಎಲ್ಲ ಓ-ರಿಂಗ್‌ಗಳು, ಹೈ ಪ್ರೆಶರ್ ಸೀಟು (ಟ್ಯಾಂಕಿನ ಗಾಳಿಯನ್ನು ತಡೆದು ಹಿಡಿಯುವ ಬಿರಡೆ): ಎಲ್ಲವೂ ಹೊಸದಾಗಬೇಕು. ನೋಡಲು ಮೆತ್ತಗಿದೆ ಅಂತ ಹಳೇ ಡಕ್‌ಬಿಲ್ಲನ್ನು ನಂಬಬೇಡಿ. ಹಲವು ವರ್ಷ ಮುಚ್ಚಿಕೊಂಡೇ ಇದ್ದ ಅದರ ತುಟಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ ಇಲ್ಲವೇ ಮಡಿಕೆಯಲ್ಲಿ ಬಿರುಕು ಬಿಟ್ಟಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಈಗ ಸಿಲಿಕೋನಿನಲ್ಲಿ ಸಿಗುತ್ತವೆ, ಹಳೇ ರಬ್ಬರಿಗಿಂತ ಮೆತ್ತಗಿವೆ, ಬಾಳಿಕೆಯೂ ಜಾಸ್ತಿ. ಡಯಾಫ್ರಂ ಒಂದನ್ನು ಬದಲಾಯಿಸಿದರೂ ಉಸಿರಾಟ ಹಗುರಾಗುವುದು ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಸಿಲಿಕೋನ್ ಭಾಗಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಅವು ಅದನ್ನು ಹೀರಿ ಊದಿಕೊಳ್ಳುತ್ತವೆ.

ಮೌತ್‌ಪೀಸ್ ನೋಡಿ. ಒಳಗೆ ಎರಡೂ ಕಡೆ ಒಮ್ಮುಖ ವಾಲ್ವ್ ಇದೆಯಾ? ಹಳೇ ನೇರ ಮೌತ್‌ಪೀಸ್‌ಗಳಲ್ಲಿ ಇರುತ್ತಿರಲಿಲ್ಲ. ಇಲ್ಲದಿದ್ದರೆ ಬಾಯಿಂದ ತೆಗೆದ ಕೂಡಲೇ ಎರಡೂ ಹೋಸು ಪೂರ್ತಿ ನೀರು ತುಂಬಿಕೊಳ್ಳುತ್ತವೆ. ಇದ್ದರೆ ನೀವು ಊದಿ ಹೊರಹಾಕಬೇಕಾದದ್ದು ಮೌತ್‌ಪೀಸಿನೊಳಗಿನ ಒಂದು ಗುಟುಕು ನೀರು ಮಾತ್ರ. ವಾಲ್ವ್ ಇರುವ ಬಾಗಿದ ಮೌತ್‌ಪೀಸ್ ಹಾಕಿಸಿ. ಹಳೆಯದನ್ನೇ ಉಳಿಸಿಕೊಳ್ಳುವ ಭಕ್ತರೊಡನೆ ಈ ಒಂದು ವಿಷಯದಲ್ಲಿ ನನಗೆ ರಾಜಿ ಇಲ್ಲ.

ಲೋಹದ ಭಾಗ ಹಿತ್ತಾಳೆ, ಮೇಲೆ ಕ್ರೋಮ್. ಹಸಿರು ಕಿಲುಬು ಹೋಗಿಸಲು ನೀರು ಬೆರೆಸಿದ ವಿನೆಗರ್ ಸಾಕು, ಅದೂ ಸ್ವಲ್ಪ ಹೊತ್ತು. ರಾತ್ರಿಯಿಡೀ ನೆನೆಹಾಕಿದರೆ ಕಿಲುಬಿನ ಜೊತೆ ಕ್ರೋಮೂ ಏಳುತ್ತದೆ. ಮಿರಿಮಿರಿ ಮಿಂಚಿಸುವ ಉತ್ಸಾಹ ಬೇಡ. ಕಣ್ಣಿಡಬೇಕಾದ ಜಾಗ ಬೇರೆ: ಹೈ ಪ್ರೆಶರ್ ಸೀಟು ಒತ್ತಿ ಕೂರುವ ಲೋಹದ ಅಂಚು. ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಮಧ್ಯದ ಒತ್ತಡ ನಿಧಾನಕ್ಕೆ ಏರುತ್ತಲೇ ಇರುತ್ತದೆ.

ಇನ್ನು ಆ ಉಳಿದ ಮೂರು ಕೆಲಸ. ನಿಮ್ಮ ಡಿಎ ಎರಡು ಹಂತದ್ದು, ಅದೃಷ್ಟ. ಮಿಸ್ಟ್ರಾಲ್‌ನಂಥ ಒಂದೇ ಹಂತದ ರೆಗ್ಯುಲೇಟರ್‌ಗಳೂ ಇವೆ. ಅವುಗಳಲ್ಲಿ ಟ್ಯಾಂಕಿನ ಒತ್ತಡ ಒಂದೇ ಜಿಗಿತಕ್ಕೆ ಉಸಿರಿನ ಒತ್ತಡಕ್ಕೆ ಇಳಿಯುತ್ತದೆ. ಮಧ್ಯದ ಒತ್ತಡ ಅನ್ನುವುದೇ ಇಲ್ಲದ ಮೇಲೆ ಆಕ್ಟೋಪಸ್ಸಿಗಾಗಲೀ ಬಿಸಿಡಿಗಾಗಲೀ ಎಲ್ಲಿಂದ ಗಾಳಿ ತೆಗೆಯುತ್ತೀರಿ?

ಆದರೆ ಡಿಎಗೂ ಒಂದು ಗುಣ ಇದೆ. ಅದರ ಮೊದಲ ಹಂತ ಬ್ಯಾಲೆನ್ಸ್ಡ್ ಅಲ್ಲ. ಟ್ಯಾಂಕಿನ ಒತ್ತಡವೇ ಅದರ ವಾಲ್ವನ್ನು ಮುಚ್ಚಲು ನೆರವಾಗುತ್ತದೆ. ಟ್ಯಾಂಕ್ ಖಾಲಿಯಾಗುತ್ತ ಬಂದ ಹಾಗೆ ಆ ನೆರವು ಕಡಿಮೆಯಾಗಿ, ಮಧ್ಯದ ಒತ್ತಡ ಏರುತ್ತ ಹೋಗುತ್ತದೆ. ಒಬ್ಬರೇ ಉಸಿರಾಡುವಾಗ ಇದರಿಂದ ತೊಂದರೆ ಇಲ್ಲ. ಆದರೆ ತುಂಬಿದ ಟ್ಯಾಂಕಿನಲ್ಲಿ ನಾಜೂಕಾಗಿ ಹೊಂದಿಸಿದ ಆಕ್ಟೋಪಸ್, ಡೈವಿನ ಕೊನೆಗೆ ಗುಳುಗುಳು ಸೋರತೊಡಗಬಹುದು. ಇದರ ಅಣ್ಣ ರಾಯಲ್ ಆಕ್ವಾ-ಮಾಸ್ಟರ್ ಬ್ಯಾಲೆನ್ಸ್ಡ್, ಅದರಲ್ಲಿ ಈ ಏರಿಳಿತ ಇಲ್ಲ. ಅದಕ್ಕೇ ಹುಡುಕಾಟ ಜಾಸ್ತಿ, ಬೆಲೆಯೂ ಜಾಸ್ತಿ.

ಗೇಜ್ ಸೇರಿಸಲು ಹಳೇ ಕಾಲದಿಂದ ಬಂದ ದಾರಿ ಬ್ಯಾಂಜೋ. ರೆಗ್ಯುಲೇಟರಿಗೂ ಟ್ಯಾಂಕಿನ ವಾಲ್ವಿಗೂ ನಡುವೆ ಕೂರುವ ಉಂಗುರದಂಥ ತುಂಡು ಅದು, ಪಕ್ಕದಿಂದ ಹೈ ಪ್ರೆಶರ್ ಹೋಸ್ ಹೊರಡುತ್ತದೆ. ಕೆಲಸ ಮಾಡುತ್ತದೆ. ಆದರೆ ಅದರ ದಪ್ಪ ಯೋಕಿನ (ರೆಗ್ಯುಲೇಟರನ್ನು ಟ್ಯಾಂಕ್ ವಾಲ್ವಿಗೆ ಬಿಗಿಯುವ ಲೋಹದ ಚೌಕಟ್ಟು) ಒಳಗಿನ ಜಾಗವನ್ನು ತಿನ್ನುತ್ತದೆ, ಸೋರಬಲ್ಲ ಇನ್ನೊಂದೆರಡು ಓ-ರಿಂಗ್ ಸೇರುತ್ತವೆ. ಮೊದಲು ಇದ್ದ ಡೈವರ್‌ಗಳು ಗೇಜೇ ಇಲ್ಲದೆ, ಕೊನೆಗೊಂದಿಷ್ಟು ಗಾಳಿ ಉಳಿಸಿಡುವ ಜೆ-ವಾಲ್ವಿನ ಸರಳು ಎಳೆದು ಮೇಲೆ ಬರುತ್ತಿದ್ದರು. ಆ ಸರಳು ಎಲ್ಲೋ ತಾಗಿ ಮೊದಲೇ ಎಳೆದುಹೋಗಿದ್ದರೆ ಉಳಿದ ಗಾಳಿಯೂ ಗೊತ್ತಾಗದೆ ಮುಗಿದಿರುತ್ತಿತ್ತು. ಅದರ ಬಗ್ಗೆ ವ್ಯಾಮೋಹ ಬೇಡ.

ನಾನು ನಿಮಗೆ ಹೇಳುವುದು ಎಚ್-ವಾಲ್ವ್. ಒಂದೇ ಟ್ಯಾಂಕಿಗೆ ಎರಡು ಬಾಯಿ, ಎರಡಕ್ಕೂ ಬೇರೆ ಬೇರೆ ತಿರುಗಣೆ. ನಡುವಿನ ಬಾಯಿಗೆ ನಿಮ್ಮ ಡಿಎ. ಪಕ್ಕದ ಬಾಯಿಗೆ ನೀವು ಈಗಾಗಲೇ ಬಳಸುತ್ತಿರುವ ಮಾಮೂಲಿ ಮೊದಲ ಹಂತ, ಅದರಿಂದ ಆಕ್ಟೋಪಸ್, ಬಿಸಿಡಿ ಹೋಸ್, ಗೇಜ್ ಮೂರೂ. ಹಳೆಯದರ ಒಂದು ಸ್ಕ್ರೂ ಕೂಡ ಬದಲಾಗುವುದಿಲ್ಲ. ಡಿಎ ಕೈಕೊಟ್ಟರೆ ಅದರ ತಿರುಗಣೆ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುತ್ತ ಮೇಲೆ ಬರಬಹುದು. ತಿರುಗಣೆಗೆ ಕೈ ಎಟಕುತ್ತದಾ ಅಂತ ನೆಲದ ಮೇಲೇ ನೋಡಿಕೊಳ್ಳಿ, ಟ್ಯಾಂಕ್ ಕೆಳಗಿಳಿಸಿದ್ದೀರಲ್ಲ. ತೂಕ ಸ್ವಲ್ಪ ಜಾಸ್ತಿಯಾಗುತ್ತದೆ, ನೋಡಲು ಹಳೆಯದರ ಅಂದ ಸ್ವಲ್ಪ ಕೆಡುತ್ತದೆ. ಇದು ಎರಡು ಟ್ಯಾಂಕ್ ಹೊತ್ತ ಹಾಗಲ್ಲ ಅನ್ನುವುದೂ ನೆನಪಿರಲಿ: ಗಾಳಿ ಒಂದೇ, ಅದು ಮುಗಿದರೆ ಎರಡಕ್ಕೂ ಮುಗಿಯಿತು.

ಇನ್ನೊಂದು ದಾರಿ ಮೊದಲ ಹಂತದ ಮೈಯನ್ನೇ ಬದಲಾಯಿಸುವುದು. ಹಳೇ ಡಬ್ಬಿ, ಹಳೇ ಹೆಸರಿನ ಪಟ್ಟಿ ಉಳಿಸಿಕೊಂಡು, ಒಳಗಿನ ಮೈಯನ್ನು ತೆಗೆದು ಹೊಸ ಬ್ಯಾಲೆನ್ಸ್ಡ್ ಮೈ ಕೂರಿಸುತ್ತಾರೆ. ಈ ಹವ್ಯಾಸದವರ ನಡುವೆ ಫೀನಿಕ್ಸ್ ಅನ್ನುವ ಹೆಸರು ಕೇಳಿರುತ್ತೀರಿ, ಅದು ಇದೇ. ಹೊಸ ಮೈಯಲ್ಲಿ ಇವತ್ತಿನ ಅಳತೆಯ ಕಿಂಡಿಗಳಿರುತ್ತವೆ, ಕಡಿಮೆ ಒತ್ತಡದ ಹೋಸುಗಳೂ ಗೇಜೂ ನೇರವಾಗಿ ಸೇರುತ್ತವೆ. ವರ್ಷಕ್ಕೆ ಐವತ್ತು ಅರವತ್ತು ಡೈವ್ ಇದರಲ್ಲೇ ಮಾಡುತ್ತೇನೆ ಅನ್ನುವವರಿಗೆ ಇದು ಸರಿ. ಮೊದಲ ಸಲಕ್ಕೆ ಬೇಡ. ಒಂದು ಕಾಲ ಎಚ್-ವಾಲ್ವಿನಲ್ಲಿ ಬಳಸಿ, ಈ ಥರದ ಉಸಿರಾಟ ನಿಮಗೆ ಒಗ್ಗುತ್ತದಾ ನೋಡಿ. ಒಗ್ಗದವರೂ ಇದ್ದಾರೆ.

ಯಾರೇ ಜೋಡಿಸಿಕೊಟ್ಟರೂ ಕಿಂಡಿಗಳನ್ನು ನೀವೇ ಪರೀಕ್ಷಿಸಿ. ಇವತ್ತಿನ ರೆಗ್ಯುಲೇಟರ್‌ಗಳಲ್ಲಿ ಹೈ ಪ್ರೆಶರ್ ಕಿಂಡಿಯ ತಿರುಪಿನ ಮರೆ 7/16 ಇಂಚು, ಲೋ ಪ್ರೆಶರಿನದು ಸಾಮಾನ್ಯವಾಗಿ 3/8, ಹಾಗಾಗಿ ಅದಲುಬದಲಾಗುವುದಿಲ್ಲ. ಹಳೇ ಸಾಮಾನುಗಳಲ್ಲಿ ಹೈ ಪ್ರೆಶರಿಗೂ 3/8 ಇರುವುದುಂಟು. ಬಿಸಿಡಿಯ ಹೋಸನ್ನು ಅಲ್ಲಿಗೆ ತಿರುಗಿಸಿ ಟ್ಯಾಂಕ್ ತೆರೆದರೆ ಹೋಸು ಸಿಡಿಯುತ್ತದೆ.

ಟ್ಯಾಂಕಿನ ಒತ್ತಡದ ವಿಷಯ. ಡಿಎ ಬಂದ ಕಾಲದ ಅಮೆರಿಕದ ಉಕ್ಕಿನ ಟ್ಯಾಂಕಿಗೆ ತುಂಬುತ್ತಿದ್ದದ್ದು 2250 ಪಿಎಸ್‌ಐ, ಅಂದರೆ ಸುಮಾರು 155 ಬಾರ್. ಇವತ್ತಿನ ‘ಅಲ್ಯೂಮಿನಿಯಂ 80’ ಟ್ಯಾಂಕ್ ತುಂಬುವುದು 207 ಬಾರ್‌ಗೆ. ಯುರೋಪಿನಲ್ಲಿ 232 ಮತ್ತು 300 ಬಾರ್ ಟ್ಯಾಂಕ್‌ಗಳಿವೆ. ಹಳೇ ಯೋಕು ತೆಳ್ಳಗಿನದು, ಬಾಯಿಯೂ ಚಿಕ್ಕದು. ಕೆಲವು ಹೊಸ ವಾಲ್ವ್‌ಗಳ ಮೇಲೆ ಅದು ಕೂರುವುದೇ ಇಲ್ಲ. ಕೂರಲಿಲ್ಲ ಅಂತ ಅರದಿಂದ ಉಜ್ಜಿ ಅಗಲ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಆ ತುಂಡು ನಿಮ್ಮ ತಲೆಯ ಹಿಂದೆ ಇರುತ್ತದೆ. ಬಲವಾದ ಹೊಸ ಯೋಕ್ ಹಾಕಿಸಿ. ನಾನು ಹಳೇ ಮೈಯ ಡಿಎಯನ್ನು 207 ಬಾರ್ ಮೇಲೆ ಒಯ್ಯುವುದಿಲ್ಲ. ಕಡಿಮೆ ಒತ್ತಡದ ಉಕ್ಕಿನ ಟ್ಯಾಂಕ್ ಸಿಕ್ಕರೆ ಇನ್ನೂ ನೆಮ್ಮದಿ.

ನೀರಿಗಿಳಿಯುವ ಮೊದಲು ಮೇಜಿನ ಮೇಲೆ ಎರಡು ಪರೀಕ್ಷೆ. ಟ್ಯಾಂಕಿಗೆ ಜೋಡಿಸದೆ, ಯೋಕಿನ ಕಡೆ ಬಾಯಿ ಮುಚ್ಚಿ, ಮೌತ್‌ಪೀಸಿನಲ್ಲಿ ಮೆಲ್ಲಗೆ ಎಳೆದು ಹಿಡಿಯಿರಿ. ಎಳೆತ ಹಾಗೇ ನಿಲ್ಲಬೇಕು. ಗಾಳಿ ಒಳಗೆ ನುಸುಳಿದರೆ ನೀರೂ ನುಸುಳುತ್ತದೆ: ಹೋಸಿನ ಕ್ಲ್ಯಾಂಪು, ಡಬ್ಬಿಯ ಅಂಚು, ಡಕ್‌ಬಿಲ್ ಒಂದೊಂದಾಗಿ ನೋಡಿ. ಎರಡನೆಯದು, ಮಧ್ಯದ ಒತ್ತಡ ಅಳೆಯುವುದು. ಟ್ಯಾಂಕ್ ತೆರೆದು ಐದು ನಿಮಿಷ ಮುಳ್ಳನ್ನು ನೋಡಿ. ಒಂದು ಜಾಗದಲ್ಲಿ ನಿಂತರೆ ಸರಿ, ಮೆಲ್ಲಗೆ ಹತ್ತುತ್ತಿದ್ದರೆ ಸೀಟು ಅಥವಾ ಆ ಲೋಹದ ಅಂಚು ಕೆಟ್ಟಿದೆ. ನಿಮಗೆ ರೆಗ್ಯುಲೇಟರ್ ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಈ ಪೂರ್ತಿ ಕೆಲಸವನ್ನು ಡಬಲ್ ಹೋಸ್ ಗೊತ್ತಿರುವ ಮೆಕ್ಯಾನಿಕ್‌ಗೇ ಕೊಡಿ. ‘ಗೊತ್ತಿರುವ’ ಅನ್ನುವುದು ಮುಖ್ಯ. ಮಾಮೂಲಿ ಡೈವ್ ಅಂಗಡಿಯಲ್ಲಿ ಇದನ್ನು ಕಂಡೇ ಇರದವರು ಬಹಳ.

ಆಮೇಲೆ ಈಜುಕೊಳ. ಈ ಹಂತ ಬಿಟ್ಟುಬಿಡುವವರು ಜಾಸ್ತಿ. ನಿಮ್ಮ ಕೈ ಕಲಿತಿರುವ ಕೆಲವು ಅಭ್ಯಾಸಗಳು ಇಲ್ಲಿ ನಡೆಯುವುದಿಲ್ಲ. ಒತ್ತಿದರೆ ಗಾಳಿ ನುಗ್ಗಿ ನೀರು ಹೊರಹಾಕುವ ಪರ್ಜ್ ಬಟನ್ ಇಲ್ಲ. ಮೌತ್‌ಪೀಸ್ ತೆಗೆದು ಡಬ್ಬಿಗಿಂತ ಮೇಲೆ ಹಿಡಿದರೆ ಗಾಳಿ ತಾನಾಗಿ ಸುರಿಯುತ್ತದೆ, ಕೆಳಗೆ ಹಿಡಿದರೆ ನಿಲ್ಲುತ್ತದೆ. ಇದನ್ನೇ ಪರ್ಜ್ ಮಾಡಿಕೊಳ್ಳಿ: ಮೇಲೆತ್ತಿ, ಸುರಿಯಲು ಬಿಟ್ಟು, ಅದು ಸುರಿಯುತ್ತಿರುವಾಗಲೇ ಬಾಯಿಗೆ ಇಟ್ಟುಕೊಳ್ಳಿ. ಒಳಗೆ ನೀರು ಗಳಗಳ ಅಂದರೆ ಎಡಕ್ಕೆ ವಾಲಿ ಊದಿ, ನೀರು ಎಡ ಹೋಸಿಗಿಳಿದು ಡಕ್‌ಬಿಲ್ ಮೂಲಕ ಹೋಗುತ್ತದೆ. ಅಂಗಾತ ಮಲಗಿ ನೋಡಿ, ಗಾಳಿ ಎದೆಗೆ ತಳ್ಳಿಕೊಂಡು ಬರುತ್ತದೆ. ಬೋರಲು ತಿರುಗಿದರೆ ಸ್ವಲ್ಪ ಬಿಗಿ. ಇದು ಕೆಟ್ಟಿರುವುದಲ್ಲ, ಅದರ ಸ್ವಭಾವ. ಮೌತ್‌ಪೀಸ್ ಬಿಟ್ಟರೆ ಅದು ತೇಲಿ ತಲೆಯ ಹಿಂದೆ ಹೋಗುತ್ತದೆ, ಹುಡುಕುವುದು ಕಷ್ಟ. ಅದಕ್ಕೇ ಕತ್ತಿನ ಸುತ್ತ ಒಂದು ಪಟ್ಟಿ ಹಾಕಿರಿ.

ಆಕ್ಟೋಪಸ್ಸನ್ನು ಗಲ್ಲದ ಕೆಳಗೆ ರಬ್ಬರ್ ಬಳ್ಳಿಯಲ್ಲಿ ನೇತುಹಾಕಿ, ಸೊಂಟದ ಹತ್ತಿರ ಬೇಡ. ಜೊತೆಗಾರರಿಗೆ ನೀವು ಕೊಡುವುದೂ ಅದೇ, ಎರಡು ಹೋಸಿನ ರೆಗ್ಯುಲೇಟರಿಗೆ ತೊಂದರೆ ಬಂದರೆ ನೀವು ಹಿಡಿಯುವುದೂ ಅದೇ. ಬಳ್ಳಿಯಿಂದ ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವಂತಿರಲಿ. ಜೊತೆಗಾರರಿಗೆ ಪ್ರತಿ ಸಲವೂ ಮೊದಲೇ ತೋರಿಸಿ. ಗಾಳಿ ಬೇಕಾದವರು ಗಾಬರಿಯಲ್ಲಿ ನಿಮ್ಮ ಬಾಯಲ್ಲಿರುವುದಕ್ಕೇ ಕೈ ಹಾಕುತ್ತಾರೆ, ಇದರಲ್ಲಿ ಅವರಿಗೆ ನೀರು ಸಿಗಬಹುದು.

ಇಷ್ಟೆಲ್ಲ ಯಾಕಪ್ಪಾ ಅನ್ನಿಸುತ್ತಿದೆ, ಅಲ್ವಾ? ನಿಮ್ಮ ಗುಳ್ಳೆಗಳು ಮುಖದ ಮುಂದೆ ಏಳುವುದಿಲ್ಲ, ಬೆನ್ನ ಹಿಂದೆ ಹೋಗುತ್ತವೆ. ಕಿವಿಯ ಪಕ್ಕದ ಆ ಗದ್ದಲ ಇಲ್ಲ. ಫೋಟೋ ತೆಗೆಯುವವರು ಈಗಲೂ ಇದನ್ನು ಇಷ್ಟಪಡುವುದು ಅದಕ್ಕೇ. ಚಳಿ ನೀರಿನಲ್ಲೂ ಇದಕ್ಕೆ ಒಂದು ಅನುಕೂಲ ಇದೆ, ಒದ್ದೆ ಉಸಿರು ಎರಡನೇ ಹಂತದ ಯಂತ್ರವನ್ನು ಮುಟ್ಟುವುದಿಲ್ಲ, ಹಾಗಾಗಿ ಅಲ್ಲಿ ಮಂಜುಗಟ್ಟುವುದು ಕಡಿಮೆ. ಅಂಟಾರ್ಕ್ಟಿಕಾದ ಮಂಜಿನಡಿ ಇಳಿಯುತ್ತಿದ್ದ ಅಮೆರಿಕದ ಸಂಶೋಧಕರು ಸಿಂಗಲ್ ಹೋಸ್ ಎಲ್ಲ ಕಡೆ ಬಂದ ಮೇಲೂ ಬಹಳ ವರ್ಷ ರಾಯಲ್ ಆಕ್ವಾ-ಮಾಸ್ಟರ್ ಬಳಸುತ್ತಿದ್ದರು.

ಡೈವ್ ಮುಗಿದ ಮೇಲಿನ ಕೆಲಸ ಚಿಕ್ಕದು, ಆದರೆ ಬಿಡಬೇಡಿ. ತೊಳೆಯುವಾಗ ಬಲ ಹೋಸಿನೊಳಗೆ ನೀರು ಹೋಗದಂತೆ ನೋಡಿಕೊಳ್ಳಿ, ಅದು ನೇರ ಡಬ್ಬಿಯೊಳಗಿನ ಲಿವರಿನ ಮೇಲೆ ಬೀಳುತ್ತದೆ. ಎಡ ಹೋಸಿನಲ್ಲಿ ನಿಮ್ಮ ಎಂಜಲು ಸೇರಿರುತ್ತದೆ, ಒಣಗಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಆಗಾಗ ಬಿಚ್ಚಿ ತೊಳೆದು, ನೆರಳಲ್ಲಿ ನೇತುಹಾಕಿ.

ನಿಮ್ಮ ಟ್ಯಾಂಕ್ ವಾಲ್ವಿನ ಮತ್ತು ಯೋಕಿನ ಒಳಗಿನ ಅಳತೆ, ಮೌತ್‌ಪೀಸಿನ ಒಂದು ಚಿತ್ರ, ಇಷ್ಟು ಕಳಿಸಿ. ಎಚ್-ವಾಲ್ವಿನ ಮೇಲೆ ಅದು ಹಾಗೇ ಕೂರುತ್ತದಾ, ಯೋಕ್ ಬದಲಾಯಿಸಬೇಕಾ ಅಂತ ಹೇಳುತ್ತೇನೆ. ಅಲ್ಲಿಯವರೆಗೆ ನಿಮ್ಮ ಈಗಿನ ರೆಗ್ಯುಲೇಟರಿನಲ್ಲೇ, ಟ್ಯಾಂಕ್ ನಾಲ್ಕು ಬೆರಳು ಕೆಳಗಿಳಿಸಿ ಒಂದು ಡೈವ್ ಮಾಡಿ, ತೂಕ ಎಲ್ಲಿಗೆ ಸಾಗಿಸಬೇಕು ಅನ್ನುವುದು ಮೊದಲೇ ಗೊತ್ತಾಗಿರುತ್ತದೆ.